ಸಪ್ಪಳವಿಲ್ಲದ ಇಳಿಜಾರು

ಡಿಸೆಂಬರ್ ೧೮, ಬುಧವಾರ. ಅಫಜಲಪುರ

ನಿವೃತ್ತಿಯಾಗಿ ಏಳು ತಿಂಗಳಾಯಿತು. ಮೂವತ್ತೊಂದು ವರ್ಷ ಸರ್ಕಾರಿ ಬಸ್ಸು ಓಡಿಸಿ, ದಿನಾ ಲಾಗ್ ಶೀಟ್ ಬರೆದು ಸಹಿ ಹಾಕಿದ ಕೈ ಸುಮ್ಮನಿರುವುದಿಲ್ಲ. ನಾಳೆಯಿಂದ ಮತ್ತೆ ಸ್ಟೇರಿಂಗ್ ಹಿಡಿಯುತ್ತಿದ್ದೇನೆ, ಅದಕ್ಕೇ ಈ ನೋಟ್‌ಬುಕ್ ತೆಗೆದೆ. ಯಾರಿಗೂ ತೋರಿಸಬೇಕಾಗಿಲ್ಲ. ಡಿಪೋ ಮ್ಯಾನೇಜರನ ಸಹಿಯೂ ಬೇಕಿಲ್ಲ.

ನನ್ನ ತಂಗಿ ಬದರುನ್ನಿಸಾಳ ಮಗ ಅರ್ಫಾತ ಆಳಂದದಲ್ಲಿ ಗ್ಯಾರೇಜು ಇಟ್ಟಿದ್ದಾನೆ. ಒಂದು ಹಳೆಯ ಮಿನಿ ಬಸ್ಸು ಹಿಡಿದು, ಎಂಟು ತಿಂಗಳು ಅದರ ಬೆನ್ನು ಹತ್ತಿ ಮೋಟರ್‌ಹೋಮ್ ಮಾಡಿದ್ದಾನೆ. ಒಳಗೆ ಮಲಗಲು ಮೂರು ಹಾಸಿಗೆ, ಗ್ಯಾಸಿನ ಒಲೆ, ಇನ್ನೂರು ಲೀಟರಿನ ನೀರಿನ ಟಾಕಿ, ಕಪಾಟಿನಷ್ಟು ಅಗಲದ ಸಂಡಾಸು. ಆಳಂದದ ಜನ ಅದಕ್ಕೆ ‘ಮನಿಗಾಡಿ’ ಎಂದು ಹೆಸರಿಟ್ಟು ನಕ್ಕರು. ಈಗ ಅದೇ ಜನ ಹುಡುಗರನ್ನು ಕರೆದುಕೊಂಡು ಬಂದು ತೋರಿಸುತ್ತಾರೆ. ಯಡ್ರಾಮಿಯ ಗುರಣ್ಣ ಎಂಬುವವರು ತಮಗೂ ಅಂಥದೊಂದು ಮಾಡಿಕೊಡು ಎಂದು ಹೇಳಿದ್ದಾರಂತೆ. ಇದು ಚೆನ್ನಾಗಿ ಹೋಗಿ ಬಂದರೆ ಅವನ ಹೆಸರು ನಿಂತಂತೆ.

ಮೊದಲ ಬಾಡಿಗೆ ಜೇವರ್ಗಿಯ ಸತೀಶಕುಮಾರ ಸರ್ ಅವರದು. ಪಿಯು ಕಾಲೇಜಿನಲ್ಲಿ ಲೆಕ್ಚರರ್. ಅವರ ತಾಯಿ ರಮಾಬಾಯಿಯವರಿಗೆ ಮಹಾಡಿನ ಚವದಾರ ಕೆರೆ ನೋಡಬೇಕೆಂಬುದು ಬಹಳ ವರ್ಷದ ಆಸೆ. ಬಾಬಾಸಾಹೇಬರು ಜನರನ್ನು ಕಟ್ಟಿಕೊಂಡು ಹೋಗಿ ನೀರು ಕುಡಿದ ಕೆರೆ ಅದು. ಮುದುಕಿಗೆ ಬಸ್ಸಿನಲ್ಲಿ ಕೂತರೆ ಸೊಂಟ ತಡೆಯುವುದಿಲ್ಲ, ಮಲಗಿಕೊಂಡು ಹೋಗುವ ಗಾಡಿ ಎಂದು ಇದನ್ನು ಹಿಡಿದರು. ಮಹಾಬಳೇಶ್ವರದ ಗುಡ್ಡ ಹತ್ತಿ ಆಚೆ ಇಳಿದರೆ ಮಹಾಡ.

ಗಾಡಿ ಕೊಡುವಾಗ ಅರ್ಫಾತ ನನಗೆ ಪಾಠ ಹೇಳಲು ಬಂದ.

“ಮಾಮು, ಘಾಟ್ ಇಳಿಯುವಾಗ ಸೆಕೆಂಡ್ ಗೇರ್ ಬಿಡಬ್ಯಾಡ್ರಿ. ನೀರು, ಗ್ಯಾಸು, ಮಂಚ ಎಲ್ಲಾ ಕೂಡಿ ಗಾಡಿ ಭಾಳ ಭಾರ ಆಗ್ಯಾದ.”

“ನಿನಗ ಸೈಕಲ್ ಹೊಡೆಯೂದ ಕಲಿಸಿದಾಂವ ಯಾರಲೇ?” ಎಂದೆ. ಅವನು ನಕ್ಕ. ನಾವು ಆಡುವುದು ಉರ್ದು. ನಾನು ಓದಿದ್ದು ಕನ್ನಡ ಶಾಲೆ, ಹಾಗಾಗಿ ಬರೆಯುವಾಗ ಅವನ ಮಾತೂ ಕನ್ನಡವೇ ಆಗುತ್ತದೆ.

ನಾನು ಘಾಟು ಇಳಿಸಿಲ್ಲ, ಅದು ನಿಜ. ಅಫಜಲಪುರ, ಜೇವರ್ಗಿ, ಯಡ್ರಾಮಿ, ಆಳಂದ, ಎಲ್ಲ ಸಪಾಟು ನೆಲ. ನಮ್ಮಲ್ಲಿ ಇಳಿಜಾರು ಎಂದರೆ ಭೀಮಾ ಹೊಳೆಯ ಸೇತುವೆಗೆ ಇಳಿಯುವುದೊಂದೇ. ಆದರೆ ಆ ಇಳಿಜಾರನ್ನು ನನ್ನ ಹಾಗೆ ಬಳಸಿಕೊಂಡವರು ಡಿಪೋದಲ್ಲಿ ಇನ್ನೊಬ್ಬರಿಲ್ಲ. ನೆತ್ತಿಯ ಮೇಲೆ ಬಂದ ಕೂಡಲೇ ನ್ಯೂಟ್ರಲ್‌ಗೆ ಹಾಕಿ ಬಿಟ್ಟರೆ ಇಂಜಿನ್ ಉಸಿರಾಡದೆ ಗಾಡಿ ತಾನೇ ಇಳಿಯುತ್ತದೆ, ಡೀಸೆಲ್ ಉಳಿಯುತ್ತದೆ. ಹಾಗೆ ಮಾಡಬೇಡಿ ಎಂದು ಡಿಪೋದವರು ಬೋರ್ಡು ಹಾಕಿದ್ದರು. ಡೀಸೆಲ್ ಉಳಿಸಿದ್ದಕ್ಕೆ ಫಲಕವನ್ನೂ ಅವರೇ ಕೊಟ್ಟರು, ಮೂರು ವರ್ಷ, ಮೂರೂ ನನಗೆ. ಗೋಡೆಯ ಮೇಲಿವೆ.

ಸತೀಶಕುಮಾರ ಸರ್ ಘಾಟಿನ ಅನುಭವ ಕೇಳಿದರು. ಎಷ್ಟೋ ಇಳಿಸಿದ್ದೇನೆ ಎಂದೆ. ರಸ್ತೆ ಎಲ್ಲಿದ್ದರೂ ರಸ್ತೆಯೇ ತಾನೇ.


ಡಿಸೆಂಬರ್ ೧೯, ಗುರುವಾರ. ಪಂಢರಪುರದ ಹೊರಗೆ

ಜೇವರ್ಗಿ ಬಿಟ್ಟಿದ್ದು ಆರೂವರೆಗೆ. ಅಫಜಲಪುರದಲ್ಲಿ ನಮ್ಮ ಮನೆ ಮುಂದೆ ಹತ್ತು ನಿಮಿಷ ನಿಲುಗಡೆ. ನನ್ನ ಹೆಂಡತಿ ಖುರ್ಷಿದಬೇಗಂ ಎಲ್ಲರಿಗೂ ಬಿಸಿ ಭಜಿ, ಚಹಾ ಕೊಟ್ಟಳು. ನಂತರ ಅಕ್ಕಲಕೋಟ, ಸೊಲ್ಲಾಪುರ. ಲೀಟರಿಗೆ ಹತ್ತೂವರೆ ಕಿಲೋಮೀಟರ್ ಬಂತು. ಇಷ್ಟು ಭಾರದ ಗಾಡಿಗೆ ಇದು ಕಮ್ಮಿಯಲ್ಲ. ಘಾಟು ಇಳಿಯುವಾಗ ಹನ್ನೊಂದು ದಾಟಿಸಿ ತೋರಿಸುತ್ತೇನೆ ಎಂದು ಸರ್‌ಗೆ ಹೇಳಿದೆ. ಅವರಿಗೆ ಅದು ಅಷ್ಟು ಮುಖ್ಯವೆಂದು ಕಾಣಲಿಲ್ಲ.

ಸರ್ ಅವರ ಹೆಂಡತಿ ಪಲ್ಲವಿಯವರು ಗಾಡಿಯಲ್ಲೇ ರೊಟ್ಟಿ ಬಡಿದರು. ನಡೆಯುವ ಗಾಡಿಯಲ್ಲಿ ಹಿಟ್ಟಿನ ಡಬ್ಬಿ ಒಮ್ಮೆಯೂ ಬೀಳಲಿಲ್ಲ, ಅರ್ಫಾತ ಕಪಾಟಿಗೆ ಅಂಥ ಚಿಲಕ ಕೂರಿಸಿದ್ದಾನೆ. ಸರ್ ಅವರ ತಾಯಿ ಕಿಟಕಿಯ ಪಕ್ಕದ ಹಾಸಿಗೆಯಲ್ಲಿ ಮಲಗಿ, ಮಲಗಿದ ಹಾಗೇ ಊರುಗಳ ಹೆಸರು ಕೇಳುತ್ತಾರೆ. ಹರೆಯದಲ್ಲಿ ಭೂಸನೂರ ಕಡೆ ಕಬ್ಬು ಕಡಿದವರಂತೆ. “ಆಗ ಲಾರಿ ಮ್ಯಾಲ ಕಬ್ಬಿನ ಮ್ಯಾಲ ಕುಂತು ಬರ್ತಿದ್ದೆವು ತಮ್ಮಾ. ಈಗ ನೋಡು, ಗಾದಿ ಮ್ಯಾಲ ಮಲ್ಕೊಂಡು ಹೊಂಟೀನಿ,” ಎಂದು ನಕ್ಕರು.


ಡಿಸೆಂಬರ್ ೨೦, ಶುಕ್ರವಾರ. ಮಹಾಬಳೇಶ್ವರ

ಲೀಟರಿಗೆ ಒಂಬತ್ತೂಕಾಲು ಬಂತು. ಹತ್ತುವ ದಾರಿ, ಅಷ್ಟೇ ಬರುವುದು.

ಇಂಥ ಗುಡ್ಡಗಳನ್ನು ನಾನು ನೋಡಿರಲಿಲ್ಲ. ಒಂದರ ಹಿಂದೆ ಒಂದು, ಕಡೆಯದು ಯಾವುದೆಂದು ತಿಳಿಯುವುದಿಲ್ಲ. ಕಟ್ಟೆಯ ಹತ್ತಿರ ಗಾಡಿ ನಿಲ್ಲಿಸಿ ಹಿಂದಿನ ಬಾಗಿಲು ತೆರೆದೆವು. ಮುದುಕಿ ಹಾಸಿಗೆಯ ಮೇಲೆ ಕೂತೇ ಕೆಳಗಿನ ಕಣಿವೆ ನೋಡಿದರು. ಆಮೇಲೆ ಮಗನನ್ನು ಕರೆದು, “ಆ ಕೆಳಗ ಕಾಣ್ತದಲ್ಲ, ಅದ ಏನ್ ಮಹಾಡ?” ಎಂದರು. ಸರ್, “ಇಲ್ಲವ್ವ, ಅದಕ್ಕಿಂತ ಆ ಕಡಿ. ನಾಳೆ ಮಧ್ಯಾಹ್ನಕ್ಕ ಅಲ್ಲಿರ್ತೇವಿ,” ಎಂದರು.

ಮೇಲೆ ಹತ್ತುವಾಗ ಎರಡು ಕಡೆ ಎಡಗಾಲು ನಡುಗಿತು. ಇಲ್ಲಿ ಚಳಿ ಜಾಸ್ತಿ.


ಡಿಸೆಂಬರ್ ೨೧, ಶನಿವಾರ

ಘಾಟಿನಲ್ಲಿ ಬ್ರೇಕ್ ಹೋಯಿತು. ಎಲ್ಲರೂ ಬದುಕಿದ್ದಾರೆ.


ಡಿಸೆಂಬರ್ ೨೨, ಭಾನುವಾರ. ಮಹಾಬಳೇಶ್ವರ, ಲಾಡ್ಜು

ನಿನ್ನೆ ಬರೆಯಲಾಗಲಿಲ್ಲ. ನಡೆದದ್ದು ಇಷ್ಟು. ಒಂಬತ್ತಕ್ಕೆ ಇಳಿಯಲು ಶುರು ಮಾಡಿದೆವು. ಪ್ರತಾಪಗಡದ ತಿರುವು ದಾಟಿ ಸ್ವಲ್ಪ ಮುಂದೆ ಬ್ರೇಕಿನ ಪೆಡಲ್ ಮೆತ್ತಗಾಯಿತು, ಮುಂದಿನ ತಿರುವಿಗೆ ಪೂರ್ತಿ ಕೆಳಗೆ ಹೋಯಿತು. ಸುಟ್ಟ ವಾಸನೆ. ಒಂದು ಕಡೆ ಕಣಿವೆ, ಇನ್ನೊಂದು ಕಡೆ ಗುಡ್ಡ. ಹ್ಯಾಂಡ್ ಬ್ರೇಕ್ ಎಳೆದು, ಗುಡ್ಡದ ಕಡೆಯ ಗಟಾರಕ್ಕೆ ಎರಡು ಗಾಲಿ ಇಳಿಸಿ, ಗಾಡಿಯನ್ನು ಮಣ್ಣಿಗೆ ಉಜ್ಜಿಸಿಕೊಂಡು ನಿಲ್ಲಿಸಿದೆ. ಎಡಗಡೆಯ ತಗಡೆಲ್ಲ ಕಿತ್ತು ಹೋಗಿದೆ. ಪಲ್ಲವಿಯವರಿಗೆ ತರಚಿದ ಗಾಯ. ಸರ್ ಅವರ ತಾಯಿ ಹಾಸಿಗೆಯಿಂದ ಉರುಳಿ ಬಿದ್ದು ಎಡ ಮುಂಗೈ ಮೂಳೆ ಬಿರುಕು ಬಿಟ್ಟಿದೆ. ಮೇಲೆ ಬರುತ್ತಿದ್ದ ಜೀಪಿನವರು ಆಸ್ಪತ್ರೆಗೆ ತಂದರು, ಪ್ಲಾಸ್ಟರ್ ಹಾಕಿದರು.

ರಸ್ತೆಯಲ್ಲಿ ನಿಂತ ಜನರೆಲ್ಲ ನನ್ನ ಬೆನ್ನು ಚಪ್ಪರಿಸಿದರು. ಸತೀಶಕುಮಾರ ಸರ್ ನನ್ನನ್ನು ಅಪ್ಪಿಕೊಂಡು ಅತ್ತೇಬಿಟ್ಟರು. “ಚಾಚಾ, ನೀವು ಇರದಿದ್ರ ನಾವ್ಯಾರೂ ಉಳೀತಿದ್ದಿಲ್ರಿ. ಬ್ರೇಕಿಗೆ ಏನಾತ್ರಿ?” ಎಂದು ಕೇಳಿದರು.

ಏನು ಹೇಳುವುದು? “ಗ್ಯಾರೇಜಿನ್ಯಾಗ ಏನೋ ಉಳದಿರಬೇಕ್ರಿ ಸರ್,” ಎಂದೆ.

ಅವರು ಅಲ್ಲೇ ಮೊಬೈಲು ತೆಗೆದು ವಿಡಿಯೋ ಮಾಡಿದರು. ನನ್ನನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು, ಇಂಥ ಅನುಭವಸ್ಥ ಡ್ರೈವರ್ ಸಿಕ್ಕಿದ್ದು ನಮ್ಮ ಪುಣ್ಯ, ಆದರೆ ಸರಿಯಾಗಿ ಪರೀಕ್ಷೆ ಮಾಡದೆ ಗಾಡಿ ಕೊಡುವ ಗ್ಯಾರೇಜುಗಳ ಬಗ್ಗೆ ಜನ ಎಚ್ಚರದಿಂದ ಇರಬೇಕು ಎಂದು ಹೇಳಿದರು. ಅರ್ಫಾತನ ಹೆಸರು ಹೇಳಲಿಲ್ಲ. ಆದರೆ ನಮ್ಮ ಬೆನ್ನ ಹಿಂದಿದ್ದ ಗಾಡಿಯ ಮೇಲೆ ಅವನು ಕೈಯಾರೆ ಬರೆದ ಗ್ಯಾರೇಜಿನ ಹೆಸರು ಇತ್ತು.

ಎಷ್ಟೋ ಸಲ ಬ್ರೇಕ್ ಆಯಿಲ್‌ನಲ್ಲಿ ಗಾಳಿ ಉಳಿದುಬಿಡುತ್ತದೆ. ಹೊಸ ಕೆಲಸ, ಹುಡುಗನ ಕೈ. ಹಾಗೆಯೇ ಆಗಿರಬೇಕು.


ಡಿಸೆಂಬರ್ ೨೪, ಮಂಗಳವಾರ

ಸರ್ ಅವರ ಮನೆಯವರು ನಿನ್ನೆ ಊರಿಗೆ ಹೋದರು. ಮಹಾಡ ಇಲ್ಲಿಂದ ಕೆಳಗೆ ಎರಡು ತಾಸಿನ ದಾರಿ. ತಾಯಿ ಜೀಪು ಹತ್ತುವಾಗ ಒಂದೇ ಮಾತು ಹೇಳಿದರು: “ಇಷ್ಟ್ ಸಮೀಪ ಬಂದು...” ಪೂರ್ತಿ ಮಾಡಲಿಲ್ಲ.

ಅರ್ಫಾತ ಇವತ್ತು ಬೆಳಿಗ್ಗೆ ಸಾಮಾನು ಹೊತ್ತುಕೊಂಡು ಬಂದ. ಮೊದಲು ನನ್ನ ಕೈಕಾಲು ಮುಟ್ಟಿ ಮುಟ್ಟಿ ನೋಡಿದ. “ಮಾಮು, ನಿಮಗೇನೂ ಆಗಿಲ್ಲಲ್ಲ? ಗಾಡಿ ಹೋದ್ರ ಹೋಗ್ಲಿ.” ಆಮೇಲೆ ಜಾಕ್ ಕೊಟ್ಟು ಒಂದೊಂದೇ ಗಾಲಿ ಬಿಚ್ಚಿದ. ಮೊದಲನೆಯದನ್ನು ನೋಡಿದ. ಎರಡನೆಯದನ್ನೂ ನೋಡಿದ. ಮೂರು, ನಾಲ್ಕು. ಬ್ರೇಕ್ ಲೈನರ್ ನಾಲ್ಕಕ್ಕೆ ನಾಲ್ಕೂ ಒಂದೇ ಸಮ ಕರಿಕಾಗಿದ್ದವು. ಬಟ್ಟೆಗೆ ಕೈ ಒರೆಸಿಕೊಂಡು ಬಹಳ ಹೊತ್ತು ಕಣಿವೆಯ ಕಡೆ ನೋಡುತ್ತ ಕೂತ.

ನಾನು ಚಹಾ ತರುತ್ತೇನೆಂದು ಹೋದೆ. ಚಹಾದಂಗಡಿ ದೂರವಿತ್ತು, ಅದಕ್ಕೆ ತಡವಾಯಿತು.


ಡಿಸೆಂಬರ್ ೨೯, ಭಾನುವಾರ. ಅಫಜಲಪುರ

ವಿಡಿಯೋ ನನಗಿಂತ ಮೊದಲು ಊರಿಗೆ ಬಂದಿದೆ. ಚಹಾದಂಗಡಿಯಲ್ಲಿ ಎದ್ದು ನಿಂತು ಜಾಗ ಕೊಡುತ್ತಾರೆ. ಹಳೆಯ ಕಂಡಕ್ಟರುಗಳು ಫೋನ್ ಮಾಡಿ ಶಾಭಾಸ್ ಅನ್ನುತ್ತಾರೆ. ಡಿಪೋದವರು ಶಾಲು ಹೊದಿಸುತ್ತಾರಂತೆ. ಖುರ್ಷಿದಬೇಗಂ ಆ ವಿಡಿಯೋವನ್ನು ತವರಿನವರಿಗೆಲ್ಲ ಕಳಿಸಿದ್ದಾಳೆ.

ಇಲ್ಲಿ ಬರೆಯುವುದಕ್ಕೂ ನಾಚಿಕೆಯಾಗುತ್ತಿದೆ. ಆದರೆ ಲಾಗ್ ಶೀಟಿನಲ್ಲಿ ಸುಳ್ಳು ಬರೆದವನಲ್ಲ ನಾನು, ೨೨ನೆಯ ತಾರೀಖಿನ ಪುಟ ಕಣ್ಣಿಗೆ ಚುಚ್ಚುತ್ತಿದೆ. ಅದಕ್ಕೆ ಬರೆಯುತ್ತೇನೆ.

ಘಾಟಿನ ಇಳಿಜಾರು ಶುರುವಾದ ಕೂಡಲೇ ನಾನು ಗಾಡಿಯನ್ನು ನ್ಯೂಟ್ರಲ್‌ಗೆ ಹಾಕಿದೆ. ಭೀಮಾ ಸೇತುವೆಗೆ ಹಾಕುವ ಹಾಗೆಯೇ. ಅರ್ಫಾತ ಹೇಳಿದ್ದು ನೆನಪಿತ್ತು, ನೆನಪಿದ್ದೇ ಹಾಕಿದೆ. ಲೀಟರಿಗೆ ಹನ್ನೊಂದು ದಾಟಿಸಬೇಕಿತ್ತು. ಸೇತುವೆಯ ಇಳಿಜಾರು ಅರ್ಧ ಕಿಲೋಮೀಟರ್ ಇರಬಹುದು. ಇದು ಮುಗಿಯಲೇ ಇಲ್ಲ. ಇಂಜಿನ್ ಹಿಡಿದಿಡಬೇಕಾದ ಗಾಡಿಯನ್ನು ಬ್ರೇಕೊಂದೇ ಹಿಡಿಯಬೇಕಾಯಿತು. ಕಾಲು ಒತ್ತಿದ್ದು ತೆಗೆಯಲಿಲ್ಲ, ಬ್ರೇಕು ಕಾದು ಕೆಂಪಾಗಿ ಸುಟ್ಟುಹೋಯಿತು. ಆಮೇಲೆ ಗೇರಿಗೆ ಹಾಕಲು ನೋಡಿದೆ. ಆ ವೇಗದಲ್ಲಿ ಗೇರು ಕರಕರ ಅಂದಿತೇ ಹೊರತು ಕೂರಲಿಲ್ಲ.

ಬ್ರೇಕ್ ಆಯಿಲ್ ಸೋರಿದರೆ ಒಂದು ಗಾಲಿಯಲ್ಲಿ ಗುರುತು ಇರುತ್ತದೆ. ನಾಲ್ಕೂ ಒಂದೇ ಸಮ ಸುಟ್ಟಿದ್ದರೆ ತಪ್ಪು ಗಾಡಿಯದಲ್ಲ. ಇದು ಗ್ಯಾರೇಜಿನಲ್ಲಿ ಸ್ಪ್ಯಾನರ್ ಎತ್ತಿಕೊಡುವ ಹುಡುಗನಿಗೂ ಗೊತ್ತಿರುತ್ತದೆ. ಅರ್ಫಾತನಿಗೆ ಗೊತ್ತಾಗಿದೆಯೋ ಇಲ್ಲವೋ. ಏನೂ ಹೇಳಲಿಲ್ಲವಲ್ಲ. ಗೊತ್ತಾಗಿರಲಿಕ್ಕಿಲ್ಲ.


ಜನವರಿ ೬, ಸೋಮವಾರ. ಜೇವರ್ಗಿ, ಬಸ್ ನಿಲ್ದಾಣ

ಸರ್ ಅವರ ತಾಯಿಯನ್ನು ನೋಡಿಕೊಂಡು ಬರಬೇಕೆಂದು ಹೋಗಿದ್ದೆ. ನಿಜವನ್ನೂ ಹೇಳಿಬಿಡಬೇಕು ಎಂದುಕೊಂಡಿದ್ದೆ. ಬಾಗಿಲಲ್ಲೇ ಸರ್, “ಬರ್ರಿ ಚಾಚಾ, ನಿಮ್ದ ಮನಿ ಇದು,” ಎಂದು ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ಪಕ್ಕದ ಮನೆಯವರನ್ನು ಕರೆದು ತೋರಿಸಿದರು. ಪಲ್ಲವಿಯವರು ಬಿಡದೆ ಊಟಕ್ಕೆ ಕೂರಿಸಿದರು. ಹುಗ್ಗಿ ಮಾಡಿದ್ದರು.

ರಮಾಬಾಯಿಯವರು ಪ್ಲಾಸ್ಟರಿನ ಕೈ ಮಡಿಲಲ್ಲಿ ಇಟ್ಟುಕೊಂಡು ಗೋಡೆಗೆ ಒರಗಿ ಕೂತಿದ್ದರು. ನೋವಿದೆಯಾ ಎಂದು ಕೇಳಿದೆ.

“ಕೈ ಬಿಡು ತಮ್ಮಾ, ಕೂಡ್ತದ. ಆದ್ರ ಒಂದ್ ಹೇಳ್ತೇನಿ ಕೇಳು. ಬೀಳೂಕಿಂತ ಮೊದ್ಲ ಗಾಡಿ ಎಷ್ಟ್ ಚೆಂದ ಇಳೀತಿತ್ತು! ಒಂದ್ ಸಪ್ಪಳಿಲ್ಲ. ಕಿಡಕಿ ತೆರದಿದ್ದೆ, ಹಕ್ಕಿ ಕೂಗೂದ ಎಲ್ಲಾ ಕೇಳಸ್ತಿತ್ತು. ಇಷ್ಟ್ ವಯಸ್ಸಿನ್ಯಾಗ ಅಂಥಾದ್ದು ಕೇಳಿದ್ದಿಲ್ಲ. ಹೌದಿಲ್ಲೋ ಪಲ್ಲವಿ?”

“ಹೌದ್ರಿ ಅತ್ತಿ, ಗಾಳ್ಯಾಗ ತೇಲಿದಂಗ ಇತ್ತು,” ಎಂದರು ಪಲ್ಲವಿ.

ಇಂಜಿನ್ನಿಗೆ ಕೆಲಸವಿಲ್ಲದೆ ಇದ್ದದ್ದಕ್ಕೇ ಸಪ್ಪಳ ಇರಲಿಲ್ಲ. ನನ್ನ ತಪ್ಪನ್ನು ಅವರು ಅಷ್ಟು ಸಂತೋಷದಿಂದ ನೆನಪಿಟ್ಟುಕೊಂಡಿದ್ದಾರೆ. ಈಗ ಹೇಳು, ಈಗ ಹೇಳು ಎಂದು ನನಗೆ ನಾನೇ ಹೇಳಿಕೊಂಡೆ. ಇನ್ನೊಂದು ಸೌಟು ಹುಗ್ಗಿ ಬಿತ್ತು. ತಿಂದು ಕೈ ತೊಳೆದು ಎದ್ದು ಬಂದೆ. ಅನ್ನ ಹಾಕಿದ ಮನೆಗೆ ಸುಳ್ಳು ಹೇಳಿ ಬಂದವನಿಗೆ ಏನನ್ನುತ್ತಾರೋ ಅದು ನಾನು.


ಜನವರಿ ೯, ಗುರುವಾರ

ಭೀಮಾ ಹೊಳೆಯ ಸೊನ್ನದ ಬ್ಯಾರೇಜ್ ತನಕ ಸ್ಕೂಟರಿನಲ್ಲಿ ಹೋಗಿ ಬಂದೆ. ಸುಮ್ಮನೆ. ಇಳಿಜಾರಿನಲ್ಲಿ ನಡುವೆಯೇ ಇಳಿದು ಸ್ಕೂಟರ್ ತಳ್ಳಿಕೊಂಡು ಹೋದೆ. ಯಾರೋ ಪೆಟ್ರೋಲ್ ಮುಗಿಯಿತಾ ಎಂದು ಕೇಳಿದರು. ಹೌದು ಎಂದೆ.


ಜನವರಿ ೧೫, ಬುಧವಾರ. ಆಳಂದ

ಡಿಪೋದವರು ನಿನ್ನೆ ಶಾಲು ಹೊದಿಸಿದರು. ಹೊದಿಸಿಕೊಂಡೆ. ಇದಕ್ಕಿಂತ ಕೆಳಗೆ ಇಳಿಯುವುದು ಇನ್ನು ಯಾವುದೂ ಉಳಿದಿಲ್ಲ ಎನ್ನಿಸಿ, ಬೆಳಿಗ್ಗೆ ಮೊದಲ ಬಸ್ಸಿಗೆ ಆಳಂದಕ್ಕೆ ಬಂದೆ.

ಗ್ಯಾರೇಜಿನಲ್ಲಿ ಮನಿಗಾಡಿ ಮೂಲೆಯಲ್ಲಿ ನಿಂತಿತ್ತು, ತಗಡು ಬಡಿದು ಸರಿ ಮಾಡಿದ್ದ, ಬಣ್ಣ ಆಗಿರಲಿಲ್ಲ. ಬೇರೆ ಗಾಡಿ ಒಂದೂ ಇರಲಿಲ್ಲ. ಯಡ್ರಾಮಿಯ ಗುರಣ್ಣನವರು ತಮಗೆ ಮನಿಗಾಡಿ ಬೇಡವೆಂದಿದ್ದಾರೆ. ಗ್ಯಾರೇಜಿಗೆ ನಿತ್ಯ ಬರುತ್ತಿದ್ದ ಟಂಟಂ ಆಟೋದವರೂ ಬೇರೆ ಕಡೆ ಹೋಗುತ್ತಿದ್ದಾರಂತೆ. ನಾನು ನಿಂತಿದ್ದಾಗಲೇ ಒಬ್ಬ ಬೈಕಿನವನು ಬಂದು, “ಏನ್ ಅರ್ಫಾತಭಾಯ್, ಬ್ರೇಕ್ ಗಿಕ್ ಹಚ್ಚಿ ಕೊಡ್ತಿಯಲ್ಲ?” ಎಂದು ಚೇಷ್ಟೆ ಮಾಡಿದ. ಅರ್ಫಾತ ತಲೆ ಎತ್ತದೆ, “ಆವತ್ತ ನಂದ ತಪ್ಪಾಗ್ಯಾದ್ರಿ. ಇನ್ಮ್ಯಾಲ ಆಗಂಗಿಲ್ಲ,” ಎಂದ.

ಬೈಕಿನವನು ಹೋದ ಮೇಲೆ ಟೈರಿನ ಮೇಲೆ ಕೂತೆ.

“ಅರ್ಫಾತ, ನಿಂದ ತಪ್ಪಲ್ಲ. ನಾ ನ್ಯೂಟ್ರಲ್ ಹಾಕಿದ್ದೆ.”

ಅವನು ಕೆಲಸ ನಿಲ್ಲಿಸಲಿಲ್ಲ. “ಗೊತ್ತದ ಮಾಮು.”

“ಯಾವಾಗ್ನಿಂದ?”

“ನಾಲ್ಕನೇ ಗಾಲಿ ಬಿಚ್ಚಿದಾಗ್ನಿಂದ.”

“ಮತ್ತ ಯಾಕ ಹೇಳಲಿಲ್ಲ? ನನ್ನ ಮಾರಿ ಮ್ಯಾಲ ಉಗುಳಬೇಕಿತ್ತಲ್ಲೋ.”

ಅವನು ಸ್ಪ್ಯಾನರ್ ಕೆಳಗಿಟ್ಟ. ನನ್ನನ್ನು ನೋಡಿದ. ಅವನಿಗೆ ಒಂಬತ್ತು ವರ್ಷವಿದ್ದಾಗ ತಂದೆ ತೀರಿಕೊಂಡ. ಅಂದಿನಿಂದ ನಾನು ಒಂದು ಮಾತು ಹೇಳಿದರೆ ಎರಡನೆಯ ಮಾತು ಆಡಿದವನಲ್ಲ.

“ನೀವ ಹೇಳ್ತೀರಿ ಅಂತ ಕಾದೆ ಮಾಮು. ಘಾಟ್ನ್ಯಾಗ ಕುಂತಾಗ ಕಾದೆ. ಚಹಾ ತರಾಕ ಹೋದ್ರಿ. ಊರಿಗೆ ಬರುವಾಗ ದಾರಿಗುಂಟ ಕಾದೆ. ಆಮ್ಯಾಲ ವಿಡಿಯೋ ನೋಡಿದೆ. ಅವತ್ತಿಂದ ಕಾಯೂದ ಬಿಟ್ಟೆ.”

ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಯಾವುದೋ ಗಾಡಿಗೆ ಏನಾಗಿದೆ ಎಂದು ಹೇಳುವ ದನಿಯಲ್ಲಿ ಹೇಳಿದ. ನಾನು ಅತ್ತೆ. ಅರವತ್ತು ವರ್ಷದವನು ಗ್ಯಾರೇಜಿನಲ್ಲಿ ಕೂತು ಅತ್ತೆ. ಅವನು ನೀರು ತಂದುಕೊಟ್ಟು ಮತ್ತೆ ಕೆಲಸಕ್ಕೆ ಹೋದ.

ಸತೀಶಕುಮಾರ ಸರ್‌ಗೆ ಇವತ್ತೇ ಹೇಳುತ್ತೇನೆ ಎಂದು ಅವನಿಗೆ ಮಾತು ಕೊಟ್ಟು ಬಂದಿದ್ದೇನೆ.


ಜನವರಿ ೧೬

ಫೋನ್ ಹಚ್ಚಿದೆ. ಸರ್ ಕ್ಲಾಸಿನಲ್ಲಿದ್ದರು.


ಜನವರಿ ೧೭

ಹಚ್ಚಿದೆ. ಎತ್ತಿದರು. ರಮಾಬಾಯಿಯವರ ಕೈ ಹೇಗಿದೆ ಎಂದು ಕೇಳಿ ಇಟ್ಟುಬಿಟ್ಟೆ.


ಜನವರಿ ೨೧

ಗೋಡೆಯ ಮೇಲಿನ ಮೂರು ಫಲಕ ತೆಗೆದು ಟ್ರಂಕಿನಲ್ಲಿ ಹಾಕಿದೆ. ಯಾಕೆಂದು ಖುರ್ಷಿದಬೇಗಂ ಕೇಳಿದಳು. ಸುಣ್ಣ ಹೊಡೆಸಬೇಕು ಎಂದೆ. ಈಗ ನಿಜವಾಗಿಯೂ ಸುಣ್ಣ ಹೊಡೆಸಬೇಕಾಗಿದೆ.


ಜನವರಿ ೩೦, ಗುರುವಾರ

ಸರ್ ತಾವಾಗಿಯೇ ಫೋನ್ ಮಾಡಿದರು. ರಮಾಬಾಯಿಯವರ ಪ್ಲಾಸ್ಟರ್ ಬಿಚ್ಚಿದ್ದಾರೆ. ಆಕೆ ಮಹಾಡಿಗೆ ಹೋಗಲೇಬೇಕೆಂದು ಹಟ ಹಿಡಿದಿದ್ದಾರೆ. ಅದೇ ಗಾಡಿ, ಅದೇ ದಾರಿ. ಸರ್‌ಗೆ ಮನಸ್ಸಿಲ್ಲ. “ಆ ಗ್ಯಾರೇಜಿನ ಗಾಡಿ ಬ್ಯಾಡ ಅಂದ್ರ ಕೇಳವಲ್ಲಳು ಚಾಚಾ. ಅಂವಾ ಇದ್ದಾನಲ್ಲ, ಜೀವಾ ಉಳಿಸಿದಾಂವ, ಅಂವಾ ಇದ್ರ ಸಾಕು ಅಂತಾಳ.” ಹಿಂದಿನಿಂದ ಆಕೆಯ ದನಿ ಕೇಳಿಸಿತು: “ಗಾಡಿದ ಏನ್ ತಪ್ಪದ? ನನಗ ಮತ್ತ ಹಂಗ ಇಳೀಬೇಕು, ಹಕ್ಕಿ ಕೇಳ್ಕೋತ.”

ಅರ್ಫಾತನಿಗೆ ಹೇಳಿದೆ. ಅವನು, “ಬರ್ತೇವಿ ಅನ್ರಿ. ನಾ ಹೊಡೀತೇನಿ,” ಎಂದ. ನಾನೂ ಬರಬೇಕಾ ಎಂದು ಕೇಳಿದೆ. “ಅವ್ರು ಕರದದ್ದು ನಿಮಗಲ್ಲ?” ಎಂದ.


ಫೆಬ್ರವರಿ ೮, ಎರಡನೆಯ ಶನಿವಾರ. ಮಹಾಡ

ನಿನ್ನೆ ರಾತ್ರಿಯ ಹೊತ್ತಿಗೆ ಮಹಾಬಳೇಶ್ವರ ಮುಟ್ಟಿದ್ದೆವು. ಇವತ್ತು ಬೆಳಿಗ್ಗೆ ಎಂಟೂವರೆಗೆ ಇಳಿಯಲು ಶುರು. ಸ್ಟೇರಿಂಗ್ ಅರ್ಫಾತನ ಕೈಯಲ್ಲಿ. ಸತೀಶಕುಮಾರ ಸರ್ ಅವನ ಬೆನ್ನ ಹಿಂದೆ ಕೂತು ಅವನ ಕಾಲನ್ನೇ ನೋಡುತ್ತಿದ್ದರು. ಜೇವರ್ಗಿಯಿಂದ ಇಲ್ಲಿಯ ತನಕ ಅವನೊಂದಿಗೆ ಅವರು ಆಡಿದ್ದು ನಾಲ್ಕು ಮಾತಿರಬಹುದು. ನನಗೆ ಮಾತ್ರ ಚಾಚಾ, ನೀರು ಬೇಕಾ, ಚಾಚಾ, ಕಾಲು ಚಾಚ್ರಿ. ನನ್ನನ್ನು ರಮಾಬಾಯಿಯವರ ಎದುರಿನ ಹಾಸಿಗೆಯ ಮೇಲೆ ದಿಂಬು ಕೊಟ್ಟು ಕೂರಿಸಿದ್ದರು.

ಇಳಿಜಾರಿನ ತಲೆಯ ಮೇಲೆ ಅರ್ಫಾತ ಗಾಡಿ ನಿಲ್ಲಿಸಿ, ಸೆಕೆಂಡ್ ಗೇರಿಗೆ ಹಾಕಿ ಬಿಟ್ಟ. ಇಂಜಿನ್ ಬೊಬ್ಬೆ ಹೊಡೆಯತೊಡಗಿತು. ಕಪಾಟಿನೊಳಗಿನ ಪಾತ್ರೆಗಳೆಲ್ಲ ನಡುಗಿದವು. ಎತ್ತಿನ ಗಾಡಿಯ ನಡಿಗೆ, ಕಾರಖಾನೆಯ ಸಪ್ಪಳ. ರಮಾಬಾಯಿಯವರು ಕಿಟಕಿ ತೆರೆದು ಕಿವಿ ಹೊರಗೆ ಕೊಟ್ಟರು. ಒಂದು ತಿರುವು ದಾಟಿತು, ಎರಡು, ಮೂರು. ಅವರ ಮುಖ ಸಪ್ಪಗಾಯಿತು.

“ತಮ್ಮಾ, ಯಾಕ ಹಿಂಗ್ ಒದರ್ತದ ಗಾಡಿ? ಅವತ್ತ ಹಿಂಗ್ ಇರಲಿಲ್ಲಲ್ಲ?”

ಸರ್ ತಿರುಗಿ ನೋಡಿದರು. “ಅದ ನೋಡ್ರಿ ಚಾಚಾ, ಗಾಡಿ ಇನ್ನೂ ರಿಪೇರಿ ಆಗಿಲ್ಲೇನು?”

ಮುಂದೆ ಅರ್ಫಾತನ ಹೆಗಲು ಕಂಡಿತು. ಅವನಿಗೆ ಕೇಳಿಸಿತ್ತು. ತಿರುಗಲಿಲ್ಲ. ಕಾಯುವುದನ್ನು ಬಿಟ್ಟವನ ಹೆಗಲು ಅದು.

“ಇಂಜಿನ್ ಗಾಡಿ ಹಿಡಕೊಂಡದ್ರಿ, ಅದಕ್ಕ ಸಪ್ಪಳ. ಅವತ್ತ ನಾ ಹಿಡ್ಯಾಕ ಬಿಟ್ಟಿದ್ದಿಲ್ಲ. ನ್ಯೂಟ್ರಲ್ ಹಾಕಿದ್ದೆ. ಅದಕ್ಕ ಬ್ರೇಕ್ ಸುಟ್ತು,” ಎಂದೆ.

“ಏನಂದಿ? ಕೇಳಸ್ಲಿಲ್ಲ,” ಎಂದು ರಮಾಬಾಯಿಯವರು ಕಿವಿಗೆ ಕೈ ಹಚ್ಚಿದರು.

ಒಂದು ಸಲ ಹೇಳುವುದಕ್ಕೆ ಏಳು ವಾರ ಹಿಡಿದಿತ್ತು. ಎರಡನೆಯ ಸಲ ಕೂಗಿ ಹೇಳಬೇಕಾಯಿತು. ಎದ್ದು ನಿಂತು, ಮೇಲಿನ ಸರಳು ಹಿಡಿದು, ಕಂಡಕ್ಟರ್ ಊರಿನ ಹೆಸರು ಕೂಗುವ ಹಾಗೆ ಕೂಗಿದೆ. “ಬ್ರೇಕ್ ಸುಟ್ಟಿದ್ದು ನಾನ್ರಿ! ಗ್ಯಾರೇಜಿಂದ ಏನೂ ತಪ್ಪಿಲ್ಲ! ಅರ್ಫಾತ ಬ್ಯಾಡಂದಿದ್ದ, ನಾ ಕೇಳಲಿಲ್ಲ! ನಾ ಘಾಟ್ ಎಂದೂ ಇಳಿಸಿದ್ದಿಲ್ಲ, ನಿಮಗ ಸುಳ್ಳ ಹೇಳಿದ್ದೆ! ನಿಮ್ಮ ಕೈ ಮುರದಿದ್ದು ನಾನು!”

ಗಾಡಿ ತಿರುವಿನಲ್ಲಿ ತಿರುಗುತ್ತಿತ್ತು. ಪಲ್ಲವಿಯವರು ಬಾಯಿಗೆ ಸೆರಗು ಹಚ್ಚಿದರು. ಸರ್ ನನ್ನನ್ನು ನೋಡಿದರು, ಆಮೇಲೆ ಅರ್ಫಾತನ ಬೆನ್ನನ್ನು ನೋಡಿದರು, ಆಮೇಲೆ ಕಿಟಕಿಯ ಹೊರಗೆ. ಘಾಟಿನ ಬುಡದ ಪೋಲಾದಪುರ ಬರುವ ತನಕ ಇಂಜಿನ್ ಒಂದೇ ಒದರುತ್ತಿತ್ತು. ಅಷ್ಟು ಹೊತ್ತೂ ನಾನು ನಿಂತೇ ಇದ್ದೆ. ದಿಂಬಿನ ಮೇಲೆ ಕೂರಲು ಮನಸ್ಸಾಗಲಿಲ್ಲ.

ರಸ್ತೆ ಸಪಾಟಾದ ಮೇಲೆ ರಮಾಬಾಯಿಯವರು ಕೇಳಿದರು. “ಅಂದ್ರ ಅವತ್ತ ಆ ಹಕ್ಕಿ ದನಿ ಕೇಳಿಸಿದ್ದು...”

“ಹೌದ್ರಿ,” ಎಂದೆ.

ಆಕೆ ಎಡ ಮುಂಗೈಯನ್ನು ಬಲಗೈಯಿಂದ ಸವರಿಕೊಂಡರು. ಅಳುತ್ತಾರೆ ಅಂದುಕೊಂಡೆ, ಅಳಲಿಲ್ಲ. ಬೈಯುತ್ತಾರೆ ಅಂದುಕೊಂಡೆ, ಬೈಯಲಿಲ್ಲ. “ಅಷ್ಟ್ ಚೆಂದಿತ್ತು,” ಎಂದಷ್ಟೇ ಹೇಳಿ ಗೋಡೆಯ ಕಡೆ ಹೊರಳಿ ಮಲಗಿದರು. 

ನನ್ನಿಂದ ಆಕೆಯ ಕೈಗಿಂತ ದೊಡ್ಡದೊಂದು ಹಾಳಾಯಿತು ಎಂದು ನನಗೆ ಆಗ ಅನ್ನಿಸಿತು.

ಮಹಾಡಿನಲ್ಲಿ ಕೆರೆಯ ಮೆಟ್ಟಿಲು ಇಳಿಯಲು ಪಲ್ಲವಿಯವರು ಒಂದು ಕೈ, ಅರ್ಫಾತ ಒಂದು ಕೈ ಹಿಡಿದರು. ರಮಾಬಾಯಿಯವರು ನೀರಿಗೆ ಬಗ್ಗಿ, ಬೊಗಸೆಯಲ್ಲಿ ತುಂಬಿ, ಹಣೆಗೆ ಹಚ್ಚಿಕೊಂಡರು. ಎಡಗೈ ಇನ್ನೂ ಪೂರ್ತಿ ಮಡಚುವುದಿಲ್ಲ, ಬೊಗಸೆ ಸರಿಯಾಗಿ ಕೂಡಲಿಲ್ಲ, ಅರ್ಧ ನೀರು ಸೋರಿಹೋಯಿತು. ನಾನು ಮೇಲಿನ ಮೆಟ್ಟಿಲಲ್ಲೇ ನಿಂತು ಅದನ್ನು ನೋಡಿದೆ.

ಸತೀಶಕುಮಾರ ಸರ್ ನನ್ನ ಹತ್ತಿರ ಬಂದು ಮೊಬೈಲು ತೆಗೆದರು. ಚಾಚಾ ಎನ್ನಲಿಲ್ಲ. “ಗಾಡ್ಯಾಗ ಹೇಳಿದ್ದು ಇಲ್ಲಿ ಇನ್ನೊಮ್ಮೆ ಹೇಳ್ರಿ,” ಎಂದರು. ಹೇಳಿದೆ. ಗ್ಯಾರೇಜಿನ ಹೆಸರನ್ನೂ, ಅದು ಆಳಂದದಲ್ಲಿ ಎಲ್ಲಿದೆ ಎಂಬುದನ್ನೂ ಸೇರಿಸಿ ಹೇಳಿದೆ. ಮೊದಲಿನ ವಿಡಿಯೋ ಯಾವ ಯಾವ ಗುಂಪಿಗೆ ಹೋಗಿತ್ತೋ ಅಲ್ಲಿಗೆಲ್ಲ ಅವರು ಅಲ್ಲೇ ನಿಂತು ಕಳಿಸಿದರು. ಆಮೇಲೆ ಅರ್ಫಾತನ ಹತ್ತಿರ ಹೋಗಿ ಅವನ ಎರಡೂ ಕೈ ಹಿಡಿದುಕೊಂಡರು. ಏನು ಹೇಳಿದರೋ ನನಗೆ ಕೇಳಿಸಲಿಲ್ಲ.

ಸಂಜೆ ಖುರ್ಷಿದಬೇಗಂ ಫೋನ್ ಮಾಡಿದಳು. ವಿಡಿಯೋ ನೋಡಿದ್ದಾಳೆ. “ಊಟ ಆಯ್ತೇನ್ರಿ?” ಎಂದಳು.

ನಾಳೆ ಬೆಳಿಗ್ಗೆ ಅದೇ ಘಾಟು ಹತ್ತಿ, ಮಹಾಬಳೇಶ್ವರದ ಆಚೆ ಕಡೆ ಇಳಿದು ಊರಿಗೆ ಹೊರಡಬೇಕು. ಈಗ ಚಹಾ ಕುಡಿಯುವಾಗ ಅರ್ಫಾತ ನನ್ನ ಮುಂದೆ ಕೀಲಿ ಇಟ್ಟ. “ನನ್ನ ಬೆನ್ನು ಹಿಡದದ ಮಾಮು. ನಾಳೆ ನೀವು ಹೊಡೀರಿ,” ಎಂದ. ನಾನು ಕೈ ಚಾಚಲಿಲ್ಲ. ಸರ್ ಕಡೆ ನೋಡಿದೆ, ಅವರು ಬೇರೆ ಕಡೆ ನೋಡುತ್ತಿದ್ದರು.

ಹಾಸಿಗೆಯ ಮೇಲಿಂದ ರಮಾಬಾಯಿಯವರ ದನಿ ಬಂತು.

“ಹತ್ತೂದ ಅಂವಾ ಹೊಡೀಲಿ. ಇಳಿಯೂದ ಬಂದಾಗ ನೀ ಹೊಡಿ.”

“ಹೌದ್ರಿ, ಸೆಕೆಂಡ್ ಗೇರಿನ್ಯಾಗ,” ಎಂದು ಕೀಲಿ ತೆಗೆದುಕೊಂಡೆ.